ಕೇಳಿ, ಹುಡುಕೋಣ: ಮೇಲ್ ಬರೆದು ಹಳೇ ಮೇಲ್ ತರಿಸಿಕೊಳ್ಳುವುದು

ಹೋದ ತಿಂಗಳು ಮೇಲಿಂಗ್ ಲಿಸ್ಟ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಒಂದು ವಿಳಾಸಕ್ಕೆ ಮೇಲ್ ಹಾಕಿದರೆ ಸದಸ್ಯರೆಲ್ಲರಿಗೂ ತಲುಪುತ್ತದೆ, ಅದೇ ಮೇಲಿಂಗ್ ಲಿಸ್ಟ್. ಅಲ್ಲಿ ಇಪ್ಪತ್ತು ಮೂವತ್ತು ವರ್ಷಗಳಿಂದ ಕೂಡಿಟ್ಟ ಹಳೇ ಮೇಲ್‌ಗಳನ್ನು ಹುಡುಕುವುದು ಹೇಗೆ ಎಂದು ಪತ್ರಗಳು ಬಂದಿವೆ. ಇಡೀ ಆಯುಸ್ಸು ಗ್ರಂಥಾಲಯದಲ್ಲಿ ಕಳೆದ ನನಗೆ ಇದಕ್ಕಿಂತ ಇಷ್ಟದ ಪ್ರಶ್ನೆ ಇಲ್ಲ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ, ಬೇಸರ ಬೇಡ.

ಪ್ರಶ್ನೆ: ಮೇಡಂ, ನಾನು ತುಂಗಭದ್ರಾ ಸೀಮೆಯ ಹಳೇ ಕೆರೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಗೈಡ್ ಹೇಳಿದರು ಅಂತ ಬ್ರಿಟನ್ನಿನ ಒಂದು ಮೇಲಿಂಗ್ ಲಿಸ್ಟ್ ಸೇರಿದೆ. ಹಳೇ ಚರ್ಚೆ ಬೇಕಾದರೆ ಲಿಸ್ಟ್‌ಸರ್ವ್‌ಗೆ ಮೇಲ್ ಕಳಿಸಿ ಎಂದಿತ್ತು. ‘ಡಿಯರ್ ಸರ್’ ಎಂದು ಶುರು ಮಾಡಿ, ನನ್ನ ಪರಿಚಯ ಹೇಳಿ, ವಿನಯವಾಗಿಯೇ ಬರೆದೆ. ‘ಅನ್‌ನೋನ್ ಕಮಾಂಡ್ ಡಿಯರ್’ ಎಂದು ಉತ್ತರ ಬಂತು. ಹೇಗೆ ಕೇಳಬೇಕಿತ್ತು?
– ಸಂಶೋಧನಾ ವಿದ್ಯಾರ್ಥಿನಿ, ಹೊಸಪೇಟೆ

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ವಿನಯದಲ್ಲಿ ತಪ್ಪೇನಿಲ್ಲ. ಆ ಕಡೆ ಕೂತಿರುವುದು ಮನುಷ್ಯರಲ್ಲ, ಮೇಲಿಂಗ್ ಲಿಸ್ಟ್ ನಡೆಸುವ ಲಿಸ್ಟ್‌ಸರ್ವ್ ಎಂಬ ಒಂದು ಪ್ರೋಗ್ರಾಂ. ಅದು ಪ್ರತಿ ಸಾಲಿನ ಮೊದಲ ಪದವನ್ನು ಆಜ್ಞೆ ಎಂದೇ ಓದುತ್ತದೆ. ‘ಡಿಯರ್’ ಎಂಬ ಆಜ್ಞೆಯನ್ನು ಅದಕ್ಕೆ ಯಾರೂ ಕಲಿಸಿಲ್ಲ. ಹಾಗಾಗಿ ಇದು ನನಗೆ ಗೊತ್ತಿಲ್ಲ ಎಂದು ಉತ್ತರ ಕಳಿಸಿತು.

ಮೊದಲು ಆ ಕಡೆ ಮನುಷ್ಯರೇ ಇದ್ದರು. 1981ರಲ್ಲಿ ನ್ಯೂಯಾರ್ಕ್ ನಗರದ ಸಿಟಿ ಯೂನಿವರ್ಸಿಟಿಗೂ ಯೇಲ್‌ಗೂ ನಡುವೆ ಒಂದು ತಂತಿ ಎಳೆದು ಬಿಟ್‌ನೆಟ್ ಎಂಬ ಜಾಲ ಶುರು ಮಾಡಿದರು. ನೋಡ ನೋಡುತ್ತಾ ಅದು ಅಮೆರಿಕ, ಯೂರೋಪಿನ ವಿಶ್ವವಿದ್ಯಾಲಯಗಳಿಗೆಲ್ಲ ಹಬ್ಬಿತು. ಅದರ ಮೊದಲ ಲಿಸ್ಟ್‌ಸರ್ವ್‌ನಲ್ಲಿ ಯಾರಾದರೂ ಸೇರಬೇಕೆಂದರೆ ಸಿಬ್ಬಂದಿಗೆ ಮೇಲ್ ಬರೆಯಬೇಕಿತ್ತು. ಅವರು ಒಂದೊಂದೇ ಹೆಸರನ್ನು ಕೈಯಾರೆ ಸೇರಿಸುತ್ತಿದ್ದರು. ಜನ ಹೆಚ್ಚಾದಂತೆ ಕಾಯುವುದೂ ಹೆಚ್ಚಾಯಿತು. ಪ್ಯಾರಿಸ್‌ನಲ್ಲಿ ಓದುತ್ತಿದ್ದ ಎರಿಕ್ ಥಾಮಸ್ ಎಂಬ ವಿದ್ಯಾರ್ಥಿ 1986ರಲ್ಲಿ ಆ ಕೆಲಸವನ್ನೆಲ್ಲ ತಾನೇ ಮಾಡುವ ಹೊಸ ಲಿಸ್ಟ್‌ಸರ್ವ್ ಬರೆದರು. ಸೇರುವುದು, ಬಿಡುವುದು, ಹಳೇ ಕಡತ ತರಿಸುವುದು, ಹುಡುಕುವುದು ಎಲ್ಲಕ್ಕೂ ಒಂದೊಂದು ಪದದ ಆಜ್ಞೆ. ನೀವು ಮೇಲ್ ಕಳಿಸಿದ್ದು ಅದರ ಮೊಮ್ಮಗನಿಗೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಲಿಸ್ಟ್‌ಗಳನ್ನು 2000ದಿಂದ ನಡೆಸುತ್ತಿರುವ ಜಿಸ್ಕ್‌ಮೇಲ್ ಕೂಡ ಲಿಸ್ಟ್‌ಸರ್ವ್ ಮೇಲೇ ನಿಂತಿದೆ.

ಈಗ ಕೇಳುವ ರೀತಿ ಹೇಳುತ್ತೇನೆ. ಇಲ್ಲಿ ಕನ್ನಡದಲ್ಲಿ ಬರೆದಿದ್ದನ್ನು ನೀವು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ಹೊಸ ಮೇಲ್ ತೆರೆಯಿರಿ. ಸಬ್ಜೆಕ್ಟ್ ಜಾಗ ಖಾಲಿ ಬಿಡಿ, ಅಲ್ಲಿ ಬರೆದರೂ ಲಿಸ್ಟ್‌ಸರ್ವ್ ಅದನ್ನು ನೋಡುವುದಿಲ್ಲ. ಒಳಗೆ ಒಂದೇ ಸಾಲು: ‘ಸರ್ಚ್ ಟ್ಯಾಂಕ್ ಇರಿಗೇಶನ್ ಇನ್’, ಅದರ ಮುಂದೆ ಲಿಸ್ಟ್‌ನ ಹೆಸರು. ಅಷ್ಟೇ. ನಮಸ್ಕಾರ ಬೇಡ, ಪೂರ್ಣವಿರಾಮ ಬೇಡ. ಕೆಳಗೆ ತಾನಾಗಿ ಬಂದು ಕೂರುವ ನಿಮ್ಮ ಹೆಸರು, ವಿಭಾಗ, ಫೋನ್ ನಂಬರ್ ಇರುವ ಸಹಿಯನ್ನು ಅಳಿಸಿಬಿಡಿ. ಇಲ್ಲದಿದ್ದರೆ ನಿಮ್ಮ ಹೆಸರನ್ನೂ ಆಜ್ಞೆ ಎಂದು ಓದಿ ಮತ್ತೆ ಗೊತ್ತಿಲ್ಲ ಅನ್ನುತ್ತದೆ.

ಎರಡು ಪದ ಯಾಕೆ ಕೊಟ್ಟೆ ಅಂದರೆ, ಬರೀ ‘ಟ್ಯಾಂಕ್’ ಅಂದರೆ ಕೆರೆಯೂ ಬರುತ್ತದೆ, ಯುದ್ಧದ ಟ್ಯಾಂಕೂ ಬರುತ್ತದೆ, ಮನೆ ಮೇಲಿನ ನೀರಿನ ಟ್ಯಾಂಕೂ ಬರುತ್ತದೆ. ಎರಡು ಪದ ಕೊಟ್ಟರೆ ಎರಡೂ ಇರುವ ಮೇಲ್‌ಗಳನ್ನು ಮಾತ್ರ ತೆಗೆಯುತ್ತದೆ. ಕಾಲವನ್ನೂ ಕಟ್ಟಿಹಾಕಬಹುದು. ಸಾಲಿನ ಕೊನೆಗೆ ‘ಸಿನ್ಸ್’ ಎಂದು ಸೇರಿಸಿ ತಾರೀಕು ಹಾಕಿದರೆ ಆ ದಿನದಿಂದ ಈಚಿನವು ಮಾತ್ರ ಬರುತ್ತವೆ. ವಿಷಯದ ಸಾಲಿನಲ್ಲೇ ಪದ ಇರಬೇಕು ಅಂದರೆ ‘ವೇರ್ ಸಬ್ಜೆಕ್ಟ್ ಕಂಟೇನ್ಸ್’ ಎಂದು ಹಾಕಿ, ಅದರ ಮುಂದೆ ಪದ ಬರೆಯಿರಿ.

ಉತ್ತರವಾಗಿ ಪೂರ್ತಿ ಮೇಲ್‌ಗಳು ಬರುವುದಿಲ್ಲ, ಪಟ್ಟಿ ಬರುತ್ತದೆ. ಪ್ರತಿ ಮೇಲ್‌ಗೂ ಒಂದು ನಂಬರ್, ತಾರೀಕು, ಎಷ್ಟು ಸಾಲಿನದು, ವಿಷಯ ಏನು ಎಂದಿರುತ್ತದೆ. ನಮ್ಮ ಹಳೇ ಗ್ರಂಥಾಲಯದ ಕ್ಯಾಟಲಾಗ್ ಕಾರ್ಡ್ ನೋಡಿದ್ದೀರಾ? ಥೇಟ್ ಹಾಗೇ. ಕಾರ್ಡ್ ನೋಡಿ ನಂಬರ್ ಬರೆದುಕೊಂಡು ಕಪಾಟಿಗೆ ಹೋಗಬೇಕು ಅಲ್ವಾ? ಇಲ್ಲಿ ಕಪಾಟಿಗೆ ಹೋಗುವ ಆಜ್ಞೆ ‘ಗೆಟ್‌ಪೋಸ್ಟ್’. ಆ ಪದ, ಲಿಸ್ಟ್‌ನ ಹೆಸರು, ಆಮೇಲೆ ನಿಮಗೆ ಬೇಕಾದ ನಂಬರ್‌ಗಳು. 412 ಮತ್ತು 430ರಿಂದ 436ರವರೆಗೆ ಬೇಕಿದ್ದರೆ ‘412 430-436’ ಎಂದು ಬರೆದರೆ ಸಾಕು, ಒಂದೇ ಮೇಲ್‌ನಲ್ಲಿ ಎಲ್ಲ ಕಟ್ಟಿ ಕಳಿಸುತ್ತದೆ. ಆಸುಪಾಸಿನ ನಂಬರ್‌ಗಳನ್ನೂ ತರಿಸಿಕೊಳ್ಳಿ. ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಕೊಟ್ಟ ಉತ್ತರದಲ್ಲಿ ನಿಮ್ಮ ಪದ ಇಲ್ಲದೆಯೂ ಇರಬಹುದು. ಎಷ್ಟೋ ಸಲ ಒಳ್ಳೇ ವಿಷಯ ಇರುವುದು ಅಲ್ಲೇ.

ಸೇರುವಾಗ ಯಾವ ವಿಳಾಸ ಕೊಟ್ಟಿದ್ದಿರೋ ಅದರಿಂದಲೇ ಕಳಿಸಿ. ಸದಸ್ಯರಿಗೆ ಮಾತ್ರ ಎಂದು ಬೀಗ ಹಾಕಿದ ಸಂಗ್ರಹಗಳಲ್ಲಿ ಬೀಗದ ಕೈ ಅಂದರೆ ನಿಮ್ಮ ವಿಳಾಸವೇ. ಅಂಥ ಸಂಗ್ರಹಗಳ ಒಳಗೆ ಗೂಗಲ್ ಕೂಡ ಹೋಗಲಾರದು. ಗೂಗಲ್ ಇರುವಾಗ ಇದೆಲ್ಲ ಯಾಕೆ ಎಂದು ಇನ್ನಿಬ್ಬರು ಕೇಳಿದ್ದರು, ಅವರಿಗೂ ಇದೇ ಉತ್ತರ.

ಇನ್ನೊಂದು ಮಾತು. ಸಿಕ್ಕ ಮೇಲ್ ಅನ್ನು ಪ್ರಬಂಧದಲ್ಲಿ ಬಳಸುವ ಮುಂಚೆ ಬರೆದವರನ್ನು ಒಂದು ಸಲ ಕೇಳಿ. ಅವರು ಅದನ್ನು ಪುಸ್ತಕಕ್ಕೆಂದು ಬರೆದಿರಲಿಲ್ಲ, ಗೆಳೆಯರಿಗೆಂದು ಬರೆದಿದ್ದರು. ಹಾಗೆ ಕೇಳಿದಾಗ, ಆಮೇಲೆ ತಾವು ಕಂಡುಕೊಂಡದ್ದನ್ನೂ ಸೇರಿಸಿ ಎರಡು ಪುಟ ಉತ್ತರ ಬರೆದವರನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ನನಗೆ 71 ವರ್ಷ. ಇಂಥದ್ದೇ ಒಂದು ಲಿಸ್ಟ್‌ನಲ್ಲಿ ಹುಡುಕಲು ಹೋಗಿ ನನ್ನ ‘ಸರ್ಚ್’ ಆಜ್ಞೆ ನೂರಾರು ಸದಸ್ಯರ ಮೇಲ್‌ಬಾಕ್ಸ್‌ಗೆ ಹೋಯಿತು. ಒಬ್ಬರು ಕಟುವಾಗಿ ಬರೆದರು. ಆಮೇಲೆ ಆ ಕಡೆ ತಲೆ ಹಾಕಿಲ್ಲ. ಏನಾಯಿತು ಅಂತಲಾದರೂ ಹೇಳುತ್ತೀರಾ?
– ನಿವೃತ್ತ ಎಂಜಿನಿಯರ್, ಮೈಸೂರು

ಉತ್ತರ: ಹಿರಿಯರೇ, ಪ್ರತಿ ಲಿಸ್ಟ್‌ಗೂ ಎರಡು ವಿಳಾಸ ಇರುತ್ತವೆ. ಒಂದು ಲಿಸ್ಟ್‌ನ ಹೆಸರಿನದು. ಅದಕ್ಕೆ ಹಾಕಿದ್ದು ಎಲ್ಲರಿಗೂ ಹೋಗುತ್ತದೆ. ಇನ್ನೊಂದು ಲಿಸ್ಟ್‌ಸರ್ವ್ ಎಂಬ ಹೆಸರಿನದು. ಅದಕ್ಕೆ ಹಾಕಿದ್ದನ್ನು ಯಂತ್ರ ಮಾತ್ರ ಓದುತ್ತದೆ. ಎರಡರಲ್ಲೂ ಅಟ್ ಗುರುತಿನ ಆಚೆಗಿನ ಭಾಗ ಒಂದೇ. ಹಾಗಾಗಿ ಕಣ್ಣು ತಪ್ಪುವುದು ಬಹಳ ಸುಲಭ. ಅದರಲ್ಲೂ ಲಿಸ್ಟ್‌ನಿಂದ ಬಂದ ಒಂದು ಮೇಲ್‌ಗೆ ‘ರಿಪ್ಲೈ’ ಒತ್ತಿ ಆಜ್ಞೆ ಬರೆದರೆ ಅನೇಕ ಲಿಸ್ಟ್‌ಗಳಲ್ಲಿ ನೇರ ಎಲ್ಲರಿಗೂ ಹೋಗುತ್ತದೆ. ನಿಮಗೆ ಆಗಿದ್ದು ಅದೇ ಇರಬೇಕು.

1998ರಲ್ಲಿ ನನಗೂ ಹೀಗೇ ಆಯಿತು. ಲೈಬ್ರರಿಯನ್ನರ ಒಂದು ಲಿಸ್ಟ್ ಅದು. ಬೆಳಿಗ್ಗೆ ಮೇಲ್ ತೆರೆದರೆ ಗುರುತಿಲ್ಲದ ಊರುಗಳಿಂದ ಹತ್ತು ಹನ್ನೆರಡು ಉತ್ತರ. ಎರಡು ಬೈಗುಳ. ಒಂದು ಮಾತ್ರ ಬೇರೆ ಥರ ಇತ್ತು. ನಾನು ಹುಡುಕುತ್ತಿದ್ದ ವಿಷಯ ನೋಡಿ ಒಬ್ಬ ಹೆಂಗಸು ತಮ್ಮಲ್ಲಿದ್ದ ಲೇಖನದ ವಿವರ ಬರೆದು ಕಳಿಸಿದ್ದರು. ಆ ಒಂದು ಉತ್ತರ ಇಲ್ಲದಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆನೋ ಏನೋ. ನೀವು ಬಿಡಬೇಡಿ. ಲಿಸ್ಟ್‌ಸರ್ವ್ ವಿಳಾಸವನ್ನು ಕಾಂಟ್ಯಾಕ್ಟ್‌ನಲ್ಲಿ ‘ಹುಡುಕುವ ವಿಳಾಸ’ ಎಂದು ಕನ್ನಡದಲ್ಲೇ ಹೆಸರಿಟ್ಟು ಸೇವ್ ಮಾಡಿ. ಆಜ್ಞೆ ಬರೆಯುವಾಗ ಯಾವಾಗಲೂ ಹೊಸ ಮೇಲ್ ತೆರೆದೇ ಬರೆಯಿರಿ. ನಾನು ಇವತ್ತಿಗೂ ಹಾಗೇ ಮಾಡುತ್ತೇನೆ.

ಪ್ರಶ್ನೆ: ವಚನಗಳ ಇಂಗ್ಲಿಷ್ ಅನುವಾದದ ಬಗ್ಗೆ 90ರ ದಶಕದಲ್ಲಿ ವಿದ್ವಾಂಸರು ಏನು ಮಾತಾಡಿದ್ದರು ಎಂದು ಹಳೇ ಸಂಗ್ರಹವೊಂದರಲ್ಲಿ ಹುಡುಕಿದೆ. ‘ವಚನ’ ಎಂದು ಹಾಕಿದರೆ ಸೊನ್ನೆ. ನಿಜವಾಗಿಯೂ ಯಾರೂ ಮಾತಾಡಿಲ್ಲವೇ?
– ಕನ್ನಡ ಉಪನ್ಯಾಸಕರು, ಶಿವಮೊಗ್ಗ

ಉತ್ತರ: ಸೊನ್ನೆ ಬಂತು ಅಂದರೆ ಯಾರೂ ಮಾತಾಡಿಲ್ಲ ಅಂತಲ್ಲ ಸರ್. ನೀವು ಬರೆದ ಕಾಗುಣಿತದಲ್ಲಿ ಯಾರೂ ಬರೆದಿಲ್ಲ, ಅಷ್ಟೇ ಅರ್ಥ. ಈ ಎರಡರ ನಡುವಿನ ಅಂತರ ನನಗೆ ತಿಳಿದದ್ದು ಹೇಗೆ ಎಂದು ಹೇಳುತ್ತೇನೆ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಜನರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿತು. ಅದಾಗಿ ಎರಡು ವರ್ಷವಾದರೂ ಧಾರವಾಡದಲ್ಲಿ ನಮ್ಮ ಪಾಲಿಗೆ ಇಂಟರ್ನೆಟ್ ಅಂದರೆ ಮೇಲ್ ಮಾತ್ರ. ಗ್ರಂಥಾಲಯಕ್ಕೆ ಸ್ವಂತ ಕನೆಕ್ಷನ್ ಇರಲಿಲ್ಲ. ಸಂಜೆ ಐದರ ಮೇಲೆ ಕಂಪ್ಯೂಟರ್ ವಿಭಾಗಕ್ಕೆ ನಡೆದು ಹೋಗಬೇಕಿತ್ತು. ಕಪ್ಪು ಪರದೆ, ಹಸಿರು ಅಕ್ಷರ, ಪೈನ್ ಎಂಬ ಮೇಲ್ ಪ್ರೋಗ್ರಾಂ. ಮೋಡೆಮ್ ಕೂಗಿ ಕೂಗಿ ಕನೆಕ್ಟ್ ಆದರೆ ಆ ದಿನ ನಮ್ಮದು. ವೆಬ್ ಪುಟ ತೆರೆಯಲು ಹೋದರೆ ಅರ್ಧಕ್ಕೇ ಲೈನ್ ಬೀಳುತ್ತಿತ್ತು. ಮೇಲ್ ಹಾಗಲ್ಲ, ಪುಟ್ಟದು. ಒಂದು ಸಾಲಿನ ಆಜ್ಞೆ ಕಳಿಸಿ ಮನೆಗೆ ಹೋಗಿ ಅಡುಗೆ ಮಾಡಿ ಮಲಗಿದರೆ, ಮರುದಿನ ಉತ್ತರ ಬಂದು ಕಾಯುತ್ತಿತ್ತು. ಅದನ್ನು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ತೆಗೆದು, ಅಂಚಿನ ತೂತಿನ ಪಟ್ಟಿ ಹರಿದು, ಗ್ರಂಥಾಲಯಕ್ಕೆ ತರುತ್ತಿದ್ದೆ.

ಆಗ ಇತಿಹಾಸದ ಒಬ್ಬ ಹುಡುಗ ವೀರಗಲ್ಲುಗಳ ಮೇಲೆ ಕೆಲಸ ಮಾಡುತ್ತಿದ್ದ. ಹೊರದೇಶದವರು ಈ ಬಗ್ಗೆ ಏನು ಬರೆದಿದ್ದಾರೆ ಅಕ್ಕಾ, ನೋಡಿಕೊಡ್ರಿ ಅಂದ. ಭಾರತದ ಅಧ್ಯಯನ ಮಾಡುವವರ ಒಂದು ಲಿಸ್ಟ್‌ಗೆ ‘ವೀರಗಲ್ಲು’ ಎಂದು ಆಜ್ಞೆ ಕಳಿಸಿದೆ. ಸೊನ್ನೆ. ‘ಹೀರೋ ಸ್ಟೋನ್’ ಎಂದು ಎರಡು ಪದವಾಗಿ ಕಳಿಸಿದೆ. ಬರೀ ಒಂದು ಸಿಕ್ಕಿತು, ಅದೂ ಬೇರೆ ವಿಷಯ. ಹೀಗೆ ನಾಲ್ಕು ದಿನ ನಾಲ್ಕು ಆಜ್ಞೆ. ಹುಡುಗನ ಮುಖ ಸಣ್ಣಗಾಯಿತು.

ಐದನೇ ದಿನ ಸುಮ್ನೆ ಕಪಾಟಿನ ಮುಂದೆ ನಿಂತಿದ್ದಾಗ ನಮ್ಮ ಊರಿನದೇ ಒಂದು ಪುಸ್ತಕ ಕಣ್ಣಿಗೆ ಬಿತ್ತು. ಷ. ಶೆಟ್ಟರ್ ಮತ್ತು ಜರ್ಮನಿಯ ಸೊಂಥೈಮರ್ ಸೇರಿ ಸಂಪಾದಿಸಿದ್ದು, 1982ರಲ್ಲಿ ಧಾರವಾಡದಿಂದಲೇ ಪ್ರಕಟವಾದದ್ದು. ಬೆನ್ನ ಮೇಲೆ ಹೆಸರು: ‘ಮೆಮೋರಿಯಲ್ ಸ್ಟೋನ್ಸ್’. ಅಯ್ಯೋ, ಅವರು ಬಳಸುವ ಮಾತು ಇದಲ್ಲವೇ! ವೀರಗಲ್ಲು, ಮಹಾಸತಿಕಲ್ಲು, ನಿಷಿಧಿ ಎಲ್ಲವನ್ನೂ ಸೇರಿಸಿ ವಿದ್ವಾಂಸರು ಹೀಗೆ ಕರೆಯುತ್ತಾರೆ. ಅವತ್ತು ಸಂಜೆ ಆ ಎರಡು ಪದ ಹಾಕಿ ಕಳಿಸಿದೆ. ಜೊತೆಗೆ ಇನ್ನೊಂದು ಸಾಲಿನಲ್ಲಿ ತಮಿಳಿನ ‘ನಡುಕಲ್’ ಕೂಡ ಹಾಕಿದೆ. ಒಂದೇ ಮೇಲ್‌ನಲ್ಲಿ ಸಾಲಿಗೊಂದರಂತೆ ಎಷ್ಟು ಆಜ್ಞೆಯನ್ನಾದರೂ ಬರೆಯಬಹುದು. ಮರುದಿನದ ಪ್ರಿಂಟ್ ಎರಡು ಹಾಳೆ ದಾಟಿತ್ತು. ಆ ಹುಡುಗ ಅದನ್ನು ಎದೆಗೆ ಒತ್ತಿಕೊಂಡು ಹೋದದ್ದು ಇವತ್ತಿಗೂ ಕಣ್ಣಲ್ಲಿದೆ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಆ ಕಾಲದ ಮೇಲ್‌ನಲ್ಲಿ ಕನ್ನಡ ಇರಲಿ, ಇಂಗ್ಲಿಷ್ ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕಿ ಹಾಕಲೂ ಆಗುತ್ತಿರಲಿಲ್ಲ. ಹಾಗಾಗಿ ವಿದ್ವಾಂಸರು ಬೇರೆ ಬೇರೆ ಒಪ್ಪಂದ ಮಾಡಿಕೊಂಡಿದ್ದರು. ಅದರಲ್ಲಿ ಒಂದು ಹಾರ್ವರ್ಡ್–ಕ್ಯೋಟೋ ಪದ್ಧತಿ. ಅದರಲ್ಲಿ ದೀರ್ಘಕ್ಕೆ ದೊಡ್ಡಕ್ಷರ. ‘ಚ’ಕ್ಕೆ ಬರೀ ಸಿ, ಎಚ್ ಇಲ್ಲ. ‘ಶ’ಕ್ಕೆ ಝೆಡ್. ಅಂದರೆ ‘ಶಾಸನ’ ಎಂಬ ಪದ ಝೆಡ್‌ನಿಂದ ಶುರುವಾಗುತ್ತದೆ! ನಾವು ಎಸ್ ಎಚ್ ಎಂದು ಹುಡುಕಿದರೆ ಹೇಗೆ ಸಿಕ್ಕೀತು? ‘ವಚನ’ವನ್ನು ಎಚ್ ಹಾಕಿಯೂ, ಹಾಕದೆಯೂ ಹುಡುಕಿ. ಆಮೇಲೆ ‘ಬಸವ’, ‘ಲಿಂಗಾಯತ’ ಹಾಕಿ. ‘ವೀರಶೈವ’ಕ್ಕೆ ವಿ ಮುಂದೆ ಒಂದು ಐ, ಎರಡು ಇ, ಎಸ್ ಮಾತ್ರ, ಎಸ್ ಎಚ್ ಹೀಗೆ ನಾಲ್ಕು ರೂಪ ಆದರೂ ಬರೆಯಿರಿ. ದೊಡ್ಡಕ್ಷರ, ಸಣ್ಣಕ್ಷರದ ಚಿಂತೆ ಬೇಡ, ಸಾಮಾನ್ಯವಾಗಿ ಲಿಸ್ಟ್‌ಸರ್ವ್ ಎರಡನ್ನೂ ಒಂದೇ ಎಂದು ನೋಡುತ್ತದೆ. ಬರೆದವರ ಹೆಸರಿನ ಕಾಗುಣಿತ ಗೊತ್ತಿಲ್ಲದಿದ್ದರೆ ‘ವೇರ್ ಸೆಂಡರ್ ಸೌಂಡ್ಸ್ ಲೈಕ್’ ಎಂದು ಹಾಕಿ ನೋಡಿ, ಉಚ್ಚಾರ ಹತ್ತಿರ ಇರುವ ಹೆಸರುಗಳನ್ನು ತೆಗೆಯುತ್ತದೆ. ಇಂಗ್ಲಿಷ್ ಉಚ್ಚಾರಕ್ಕೆಂದು ಮಾಡಿದ್ದು, ಹಾಗಾಗಿ ನಮ್ಮ ಹೆಸರುಗಳಿಗೆ ಪೂರ್ತಿ ನಂಬಬೇಡಿ.

ನಿಮ್ಮ ವಿಷಯಕ್ಕೆ ನೋಡಲೇಬೇಕಾದ ಒಂದು ಸಂಗ್ರಹ ‘ಇಂಡಾಲಜಿ’ ಲಿಸ್ಟ್‌ನದು. ಡೊಮಿನಿಕ್ ವುಯಾಸ್ತಿಕ್ ಅವರು 1990ರಲ್ಲಿ ಶುರು ಮಾಡಿದ್ದು. ಅದರ ಹಳೇ ಮೇಲ್‌ಗಳನ್ನು ಈಗ ವೆಬ್‌ನಲ್ಲೇ ಓದಬಹುದು, ಆಜ್ಞೆ ಬೇಕಿಲ್ಲ. ಆದರೆ ಕಾಗುಣಿತದ ಪಾಡು ಅಲ್ಲೂ ಅದೇ. ಒಂದು ಹಾಳೆಯಲ್ಲಿ ಪದದ ರೂಪಗಳನ್ನೆಲ್ಲ ಬರೆದುಕೊಂಡು, ಹುಡುಕಿದ ಹಾಗೆ ಗೆರೆ ಹೊಡೆಯುತ್ತಾ ಹೋಗಿ.

ಪ್ರಶ್ನೆ: ಲಿಸ್ಟ್‌ಸರ್ವ್ ಎಂದು ಬರೆಯುವಾಗ ಕೊನೆಯ ‘ಇ’ ಯಾಕಿಲ್ಲ? ಕೆಲವು ಲಿಸ್ಟ್‌ಗಳ ಹೆಸರಿನ ಕೊನೆಗೆ ‘ಎಲ್’ ಯಾಕಿದೆ?
– ಹತ್ತನೇ ತರಗತಿ ವಿದ್ಯಾರ್ಥಿ, ಕುಂದಾಪುರ

ಉತ್ತರ: ಎಷ್ಟು ಚೆನ್ನಾಗಿ ಗಮನಿಸಿದ್ದೀಯ ಮರಿ! ಅದು ಹುಟ್ಟಿದ್ದು ಐಬಿಎಮ್‌ನ ದೊಡ್ಡ ಯಂತ್ರಗಳಲ್ಲಿ. ಅಲ್ಲಿ ಹೆಸರು ಎಂಟು ಅಕ್ಷರ ದಾಟುವಂತಿರಲಿಲ್ಲ. ಎಣಿಸಿ ನೋಡು, ಒಂಬತ್ತನೆಯ ‘ಇ’ಗೆ ಜಾಗ ಸಾಲಲಿಲ್ಲ. ‘ಎಲ್’ ಅಂದರೆ ಲಿಸ್ಟ್. ವಿಳಾಸ ನೋಡಿದ ಕೂಡಲೇ ಇದು ಒಬ್ಬರದ್ದಲ್ಲ, ಗುಂಪಿನದ್ದು ಎಂದು ತಿಳಿಯಲಿ ಅಂತ.

ಪ್ರಶ್ನೆ: ನಮ್ಮ ಲಿಸ್ಟ್‌ಗೆ ‘ಸರ್ಚ್’ ಎಂದು ಕಳಿಸಿದರೆ ಕೆಲಸ ಮಾಡುತ್ತಿಲ್ಲ. ‘ಮೇಲ್‌ಮ್ಯಾನ್’ ಎಂದು ಕೆಳಗೆ ಬರೆದಿರುತ್ತದೆ.
– ಗ್ರಂಥಪಾಲಕಿ, ಹಾಸನ

ಉತ್ತರ: ಹೌದು, ಎಲ್ಲ ಕಡೆ ಇದು ನಡೆಯುವುದಿಲ್ಲ. ಮೇಲ್‌ಮ್ಯಾನ್ ಎಂಬುದು ಲಿಸ್ಟ್ ನಡೆಸುವ ಬೇರೆ ಪ್ರೋಗ್ರಾಂ. ಮೇಲ್‌ನಿಂದಲೇ ಪದ ಹುಡುಕಿಕೊಡುವುದು ಲಿಸ್ಟ್‌ಸರ್ವ್‌ನ ವಿಶೇಷ. 1992ರಲ್ಲಿ ಬಂದ ಮೇಜರ್‌ಡೋಮೋ ಎಂಬ ಇನ್ನೊಂದು ಲಿಸ್ಟ್ ಪ್ರೋಗ್ರಾಂನಲ್ಲಿ ‘ಇಂಡೆಕ್ಸ್’ ಎಂದರೆ ಕಡತಗಳ ಪಟ್ಟಿ, ‘ಗೆಟ್’ ಎಂದರೆ ಕಡತ ಬರುತ್ತಿತ್ತು, ಹುಡುಕುವುದು ನಮ್ಮ ಕೆಲಸ. ಮೇಲ್‌ಮ್ಯಾನ್‌ನಲ್ಲಿ ವೆಬ್ ಪುಟಕ್ಕೆ ಹೋದರೆ ತಿಂಗಳ ಲೆಕ್ಕದಲ್ಲಿ ಹಳೇ ಮೇಲ್‌ಗಳ ಕಡತ ಇಟ್ಟಿರುತ್ತಾರೆ. ಬೇಕಾದ ತಿಂಗಳುಗಳನ್ನು ಇಳಿಸಿಕೊಂಡು ನಿಮ್ಮ ಕಂಪ್ಯೂಟರ್‌ನಲ್ಲೇ ಹುಡುಕಿ. ಒಂದು ಮಧ್ಯಾಹ್ನ ಹಿಡಿಯುತ್ತದೆ. ಆದರೆ ಒಮ್ಮೆ ಇಳಿಸಿಕೊಂಡರೆ ಕರೆಂಟ್ ಹೋದ ದಿನವೂ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಹತ್ತಿರವೇ ಇರುತ್ತದೆ.

ಪ್ರಶ್ನೆ: ಮೇಡಂ, ಸುಮಾರು 2001ರಿಂದ ನಮ್ಮ ಊರಿನ ಕನ್ನಡಿಗರು ಯಾಹೂ ಗ್ರೂಪ್ಸ್‌ನಲ್ಲಿ ಮೇಲ್ ಬರೆದುಕೊಳ್ಳುತ್ತಿದ್ದೆವು. ನಾಟಕದ ತಾಲೀಮು, ಮಕ್ಕಳ ಕನ್ನಡ ಪಾಠ, ತೀರಿಕೊಂಡವರ ನೆನಪು ಎಲ್ಲ ಅದರಲ್ಲಿತ್ತು. ಸಂಘದ ಇತಿಹಾಸ ಬರೆಯಬೇಕಿದೆ. ಯಾವುದಾದರೂ ಆಜ್ಞೆ ಕಳಿಸಿ ತರಿಸಿಕೊಳ್ಳಬಹುದೇ?
– ಓದುಗರು, ನ್ಯೂಜೆರ್ಸಿ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆ ವಿಳಾಸಕ್ಕೆ ಈಗ ಯಾವ ಆಜ್ಞೆ ಕಳಿಸಿದರೂ ಉತ್ತರ ಬರುವುದಿಲ್ಲ. ಯಾಹೂ ಗ್ರೂಪ್ಸ್‌ನ ಸಂಗ್ರಹಗಳನ್ನು ಇಳಿಸಿಕೊಳ್ಳಲು 2020ರ ಜನವರಿ 31 ಕೊನೆಯ ದಿನವಾಗಿತ್ತು. 2020ರ ಡಿಸೆಂಬರ್ 15ಕ್ಕೆ ಗ್ರೂಪ್ಸ್ ಪೂರ್ತಿ ನಿಂತಿತು. ಎಲ್ಲರಿಗೂ ತೆರೆದಿದ್ದ ಕೆಲವು ಗುಂಪುಗಳನ್ನು ಸ್ವಯಂಸೇವಕರು ಉಳಿಸಿ ಇಂಟರ್ನೆಟ್ ಆರ್ಕೈವ್‌ಗೆ ಹಾಕಿದ್ದಾರೆ. ನಿಮ್ಮ ಗುಂಪಿನ ಹೆಸರು ಹಾಕಿ ಅಲ್ಲೊಮ್ಮೆ ನೋಡಿ.

ಆದರೆ ಮೇಲಿಂಗ್ ಲಿಸ್ಟ್‌ನ ಗುಣ ಮರೆಯಬೇಡಿ. ಪ್ರತಿ ಮೇಲ್ ಪ್ರತಿ ಸದಸ್ಯರ ಮನೆಗೂ ಹೋಗಿತ್ತು. ನಡುವಿನ ಕಣಜ ಖಾಲಿಯಾದರೂ ಮನೆಮನೆಯ ಡಬ್ಬದಲ್ಲಿ ಕಾಳು ಇರುತ್ತದೆ. ಜಿಮೇಲ್ ಬಳಸುತ್ತಿದ್ದವರಿದ್ದರೆ ಅವರ ಹುಡುಕುವ ಜಾಗದಲ್ಲಿ ‘ಲಿಸ್ಟ್’ ಎಂದು ಬರೆದು, ಕೋಲನ್ ಹಾಕಿ, ಗುಂಪಿನ ವಿಳಾಸ ಹೊಡೆಯಲು ಹೇಳಿ. ಆ ಲಿಸ್ಟ್‌ನಿಂದ ಬಂದವು ಎದುರಿಗೆ ಬರುತ್ತವೆ. ‘ಬಿಫೋರ್’, ‘ಆಫ್ಟರ್’ ಎಂದು ಹಾಗೇ ಕೋಲನ್ ಜೊತೆ ತಾರೀಕು ಹಾಕಿದರೆ ವರ್ಷವನ್ನೂ ಕಟ್ಟಿಹಾಕಬಹುದು.

ಕನ್ನಡದಲ್ಲಿ ಬರೆದಿದ್ದನ್ನು ಹುಡುಕುವಾಗ ಎಚ್ಚರ. 1998ರಲ್ಲಿ ಕನ್ನಡ ಟೈಪ್ ಮಾಡುವ ‘ಬರಹ’ ಎಂಬ ತಂತ್ರಾಂಶ ಬಂದ ಮೇಲೆ ಹೊರದೇಶದ ನಮ್ಮವರು ಅದರಲ್ಲೇ ಬಹಳ ಬರೆದರು. ಆಗಿನ ‘ಬರಹ’, ಅದರಂಥದ್ದೇ ‘ನುಡಿ’ ತಂತ್ರಾಂಶಗಳ ಅಕ್ಷರಗಳು ಈಗಿನ ಯುನಿಕೋಡ್ ಅಲ್ಲ. ‘ನಾಟಕ’ ಎಂದು ಇವತ್ತಿನ ಫೋನ್‌ನಲ್ಲಿ ಹೊಡೆದರೆ ಅವತ್ತಿನ ‘ನಾಟಕ’ ಸಿಗುವುದಿಲ್ಲ. ಆ ಮೇಲ್‌ಗಳು ಅರ್ಥವಿಲ್ಲದ ಗುರುತುಗಳ ಸಾಲಿನ ಹಾಗೆ ಕಾಣಿಸುತ್ತವೆ. ಹಾಳಾಗಿದೆ ಎಂದು ಅಳಿಸಬೇಡಿ! ಪರಿವರ್ತಕಕ್ಕೆ ಕೊಟ್ಟರೆ ಕನ್ನಡ ಹೊರಗೆ ಬರುತ್ತದೆ. ಅಲ್ಲಿಯವರೆಗೆ ಬರೆದವರ ಹೆಸರು, ತಾರೀಕು ಹಿಡಿದು ಹುಡುಕಿ.

ಜಿಮೇಲ್ ಶುರುವಾದದ್ದು 2004ರಲ್ಲಿ. ಅದಕ್ಕಿಂತ ಮುಂಚಿನ ಮೂರು ವರ್ಷ ನಿಮಗೆ ಬೇಕಾದರೆ ಔಟ್‌ಲುಕ್ ಎಕ್ಸ್‌ಪ್ರೆಸ್, ಯೂಡೋರಾ ಬಳಸಿ ಮೇಲ್‌ಗಳನ್ನು ಮನೆ ಕಂಪ್ಯೂಟರ್‌ಗೆ ಇಳಿಸಿಕೊಳ್ಳುತ್ತಿದ್ದವರನ್ನು ಹಿಡಿಯಬೇಕು. ನಿಮ್ಮ ಸಂಘದಲ್ಲಿ ಏನನ್ನೂ ಬಿಸಾಡದ ಹಿರಿಯರು ಒಬ್ಬರಾದರೂ ಇರುತ್ತಾರೆ. ಅವರ ಬೇಸ್‌ಮೆಂಟ್‌ನಲ್ಲಿರುವ ಹಳೇ ಡೆಸ್ಕ್‌ಟಾಪ್ ಗುಜರಿಗೆ ಹೋಗುವ ಮುಂಚೆ, ಈ ಶನಿವಾರವೇ ಅವರಿಗೊಂದು ಫೋನ್ ಮಾಡಿ.